ಹತ್ತು ಇಂಚಿನ ರೆಕ್ಕೆಗಳು

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ಒಂದೂವರೆ ಪುಟದ್ದು. ಹಿಂದಿನ ದಿನ ವಾಲಿಬಾಲ್ ಪಂದ್ಯದಲ್ಲಿ ಅಂಕ ಬರೆಯುತ್ತಿದ್ದ ಟೀಚರಮ್ಮನ ಮೇಲೆ ಡ್ರೋನ್ ಬಿದ್ದು ಬಲಗಣ್ಣು ಸೀಳಿತ್ತು. ದೂರು ತಂದವನು ಆಕೆಯ ಗಂಡ, ಟೈಲರ್. ಹತ್ತೂ ಐವತ್ತಕ್ಕೆ ಎಫ್‌ಐಆರ್ ಆಯಿತು. ಹನ್ನೊಂದೂವರೆಗೆಲ್ಲ ಡ್ರೋನ್ ಹಾರಿಸಿದ ಫೋಟೋಗ್ರಾಫರ್ ಇನ್‌ಸ್ಪೆಕ್ಟರ ಮೇಜಿನ ಮುಂದೆ ನಿಂತಿದ್ದ.

"ಕುಡಿದಿದ್ಯಾ?"

"ಇಲ್ಲ ಸಾರ್."

"ಮತ್ತೆ?"

"ಡ್ರೋನ್ ಮೇಲೆದ್ದಾಗ ನೆಟ್ಟಗೇ ಇತ್ತು ಸಾರ್. ಜೋರು ಗಾಳಿ ಬಂತು. ಮೇಲೆತ್ತೋಣ ಅಂತ ಹೋದೆ, ಎಡಕ್ಕೆ ಮಗುಚಿಕೊಳ್ತು."

"ಹಂಗಾದ್ರೆ ಗಾಳಿಗೆ ಬೇಡಿ ಹಾಕಿಕೊಂಡು ಬರ್ಲಾ?"

ಹೊರಗೆ ವರಾಂಡದಲ್ಲಿ ಫೋಟೋಗ್ರಾಫರನ ಹೆಂಡತಿ ಟೈಲರನ ಜೊತೆ ಜಗಳಕ್ಕೆ ನಿಂತಿದ್ದಳು. "ನಿನ್ನ ಗಂಡ ಜೈಲಿಗೆ ಹೋಗೋದನ್ನ ನೋಡೇ ನಾನು ಮನೆಗೆ ಹೋಗೋದು" ಎಂದು ಅವನು, "ಹೋಗಲಿ, ನಿನ್ನ ಹೊಟ್ಟೆ ತಣ್ಣಗಾಗಲಿ" ಎಂದು ಇವಳು. ಇಬ್ಬರ ನಡುವೆ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಎರಡೂ ಕಡೆಯ ಬೈಗುಳ ಸಮನಾಗಿ ತಾಕುತ್ತಿತ್ತು. ಆತ ಬಡಗಿಯ ಮಗ. ಮಾತಿಗಿಂತ ಕೈಗೆ ಸಿಕ್ಕ ವಸ್ತುವನ್ನು ಹೆಚ್ಚು ನಂಬುವ ಮನುಷ್ಯ.

ಹನ್ನೆರಡೂವರೆಗೆ ಮೈದಾನದಲ್ಲಿ ಪಂಚನಾಮೆ ನಡೆಯಿತು. ಪಂಚರ ಎದುರು ಬಿದ್ದ ಡ್ರೋನಿನ ನಾಲ್ಕು ಪ್ರೊಪೆಲ್ಲರ್‌ಗಳನ್ನು ಬಿಚ್ಚಿದರು. ಒಂದು ತುದಿಯಲ್ಲಿ ಮುರಿದಿತ್ತು. ಬಲಗಡೆಯ ಎರಡರ ಮೇಲೆ 1045 ಎಂಬ ಅಂಕಿ ಇತ್ತು. ಎಡಗಡೆಯ ಎರಡರಲ್ಲಿ ಅಂಕಿ ಇರಬೇಕಾದ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ ನುಣ್ಣಗೆ ಮಾಡಲಾಗಿತ್ತು.

ಠಾಣೆಗೆ ಬಂದ ಹೆಡ್ ಕಾನ್‌ಸ್ಟೇಬಲ್ ನಾಲ್ಕನ್ನೂ ಮೇಜಿನ ಗಾಜಿನ ಮೇಲೆ ಸಾಲಾಗಿಟ್ಟ. ಉದ್ದ ಒಂದೇ. ಅಂಚಿನ ಕೆಳಗೆ ಬೆಂಕಿಕಡ್ಡಿ ತೂರಿಸಿ ನೋಡಿದ. ಬಲಗಡೆಯವಕ್ಕೆ ಕಡ್ಡಿ ಸಲೀಸಾಗಿ ಹೋಯಿತು. ಎಡಗಡೆಯವಕ್ಕೆ ಹೋಗಲಿಲ್ಲ. ಅವುಗಳ ಓರೆ ಕಮ್ಮಿ. ಫೋಟೋಗ್ರಾಫರನನ್ನು ಕರೆದು ತೋರಿಸಿದ.

ಅವನು 1045ರ ಮೇಲೆ ಬೆರಳಿಟ್ಟ. "ಮೊದಲ ಎರಡು ಅಂಕಿ ಉದ್ದ ಸಾರ್, ಹತ್ತಿಂಚು. ಕೊನೇ ಎರಡು ಪಿಚ್, ನಾಲ್ಕೂವರೆ ಇಂಚು. ಒಂದು ಸುತ್ತು ತಿರುಗಿದ್ರೆ ಎಷ್ಟು ಮುಂದಕ್ಕೆ ಹೋಗುತ್ತೆ ಅಂತ."

"ಸ್ಕ್ರೂ ಮರದೊಳಗೆ ಇಳಿದ ಹಂಗೆ."

"ಹಂಗೇ ಸಾರ್. ಇವೆರಡು ಮೂರಿಂಚು ಪಿಚ್‌ನವು ಇರಬೇಕು. ಪಿಚ್ ಕಮ್ಮಿ ಆದ್ರೆ ಅಷ್ಟೇ ಭಾರ ಎತ್ತೋಕೆ ಮೋಟಾರು ಜಾಸ್ತಿ ಓಡಬೇಕು. ಸುಮ್ಮನೆ ನಿಂತಿದ್ದಾಗ ಯಂತ್ರವೇ ಸಂಭಾಳಿಸುತ್ತೆ. ಗಾಳಿಗೆ ಸಿಕ್ಕಾಗ ಆ ಕಡೆ ಮೋಟಾರಿಗೆ ಓಡೋಕೆ ಇನ್ನು ಶಕ್ತಿ ಉಳಿದೇ ಇರಲ್ಲ."

"ಹಾಕೋವಾಗ ಕಣ್ಣು ಎಲ್ಲಿಟ್ಟಿದ್ದೆ?"

"ಹಾಕಿದ್ದು ನಾನಲ್ಲ ಸಾರ್, ಮೊದಲೇ ಹಾಕಿತ್ತು. ಬಿಗಿ ನೋಡಿದೆ, ಬಿರುಕು ನೋಡಿದೆ. ಅಷ್ಟೇ."

ಉಜ್ಜಿದ ಎರಡರ ಬೆನ್ನಿಗೂ ಅಕ್ಕಿಕಾಳಿನಷ್ಟು ಬಟ್ಟೆ ಟೇಪು ಅಂಟಿಸಿತ್ತು. ಇದೇನೆಂದು ಕೇಳಿದ್ದಕ್ಕೆ, ಎರಡು ಕಡೆಯ ತೂಕ ಸಮ ಮಾಡಲಿಕ್ಕೆ ಎಂದ. ತಾನು ಟೇಪು ಹಾಕುವುದಿಲ್ಲ, ಭಾರದ ಕಡೆಯನ್ನು ಉಜ್ಜುತ್ತೇನೆ ಎಂದೂ ಹೇಳಿದ. ಹಾಗಾದರೆ ಟೇಪು ಹಾಕುವವರು ಯಾರು ಎಂದಾಗ ರೆಕ್ಕೆಗಳನ್ನು ಮತ್ತೆ ಸಾಲಾಗಿ ಜೋಡಿಸತೊಡಗಿದ.

"ಬಾಯಲ್ಲಿ ಏನು ತುಂಬಿಕೊಂಡಿದ್ದೀರಿ, ಹೇಳ್ರೀ!" ಕಿಟಕಿಯಿಂದ ಹೆಂಡತಿ ಕೂಗಿದಳು. "ನಿಮ್ಮ ಚಿಕ್ಕಪ್ಪ ತಾನೆ? ನೀವು ಒಳಗೆ ಕೊಳೀರಿ, ಅವರು ಅಂಗಡೀಲಿ ಹಾಯಾಗಿರಲಿ!"

ನಾಲ್ಕೂ ಹತ್ತಕ್ಕೆ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ಚಿಕ್ಕಪ್ಪನ ರಿಪೇರಿ ಅಂಗಡಿಗೆ ಹೋದರು. ಫ್ಯಾನು, ಮಿಕ್ಸಿ, ಪಂಪುಗಳ ನಡುವೆ ಕೂತಿದ್ದ ಮುದುಕ ಏಳಲಿಲ್ಲ. ಡ್ರಾಯರಿನಲ್ಲಿ 1045ರ ಎರಡು ಪ್ರೊಪೆಲ್ಲರ್ ಸಿಕ್ಕವು. ಬಟ್ಟೆ ಟೇಪಿನ ಸುರುಳಿಯೂ ಸಿಕ್ಕಿತು.

"ಇವು ಎಲ್ಲಿಂದ ಬಂದ್ವು?"

"ಅಂಗಡಿ ಸಾಮಾನು. ಅಂಗಡೀಲಿ ಇರದೆ ನಿಮ್ಮ ಠಾಣೇಲಿ ಇರುತ್ತಾ?"

"ನಿನ್ನ ಅಣ್ಣನ ಮಗನ ಡ್ರೋನ್ ಮುಟ್ಟಿದ್ದೆಯಾ?"

"ಇಲ್ಲ."

ಇನ್‌ಸ್ಪೆಕ್ಟರ್ ಮತ್ತೆ ಬಾಯಿ ತೆರೆಯುವ ಮೊದಲೇ ಹೆಡ್ ಕಾನ್‌ಸ್ಟೇಬಲ್ ಉಜ್ಜಿದ ರೆಕ್ಕೆಯನ್ನು ಮುಂದಿಟ್ಟು ಕೇಳಿದ: "ಕೆಡಿಸೋಕೆ ಅಂತ ಹಾಕಿದ ರೆಕ್ಕೆಗೆ ಟೇಪು ಯಾಕೆ ಬೇಕಿತ್ತು ಯಜಮಾನ್ರೇ? ದಂಡದ ಕೆಲಸ ಅಲ್ವಾ?"

"ದಂಡದ ಕೆಲಸ?" ಮುದುಕ ಕೆರಳಿದ. "ತೂಕ ನೋಡದೆ ಹಾಕಿದ್ರೆ ನಡುಗುತ್ತೆ. ನಡುಗೋ ರೆಕ್ಕೆ ನನ್ನ ಕೈಯಿಂದ ಇವತ್ತಿನವರೆಗೆ ಹೊರಗೆ ಹೋಗಿಲ್ಲ!"

ಹೇಳಿದ ಮೇಲೆ ಅವನ ಕೈ ಗಾಳಿಯಲ್ಲೇ ನಿಂತಿತು. ನಾಲ್ಕೂ ಐವತ್ತಕ್ಕೆ ಬಂಧನವಾಯಿತು.

ಮುದುಕನ ಹೇಳಿಕೆ ಚಿಕ್ಕದು. ಸ್ಕ್ರೂ ಡ್ರೈವರ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಹುಡುಗನಿಗೆ ಕಲಿಸಿದ್ದು ತಾನು. ಹೋದ ತಿಂಗಳ ಪಂದ್ಯದಲ್ಲಿ ಯಾರೋ ಮೈಕು ಹಿಡಿದು, ಇದನ್ನೆಲ್ಲ ಯಾರ ಹತ್ತಿರ ಕಲಿತಿರಿ ಎಂದು ಕೇಳಿದ್ದಕ್ಕೆ, ಯಾರ ಹತ್ತಿರವೂ ಇಲ್ಲ, ಫೋನ್ ನೋಡಿ ಕಲಿತೆ ಎಂದು ಅವನು ನಕ್ಕಿದ್ದ. ಆಗ ಹತ್ತು ಅಡಿ ದೂರದಲ್ಲಿ ಅವನದೇ ಬ್ಯಾಟರಿ ಚಾರ್ಜ್ ಮಾಡುತ್ತಾ ಕೂತಿದ್ದವನು ತಾನು. ಎಡಗಡೆಯ ರೆಕ್ಕೆ ಬದಲಿಸಿದ್ದು, ಖಾಲಿ ಮೈದಾನದಲ್ಲಿ ಬೀಳಲಿ, ಕೆಟ್ಟಿದ್ದೇನೆಂದು ತಿಳಿಯದೆ ಮತ್ತೆ ತನ್ನ ಹತ್ತಿರವೇ ಬರಲಿ ಎಂದು.

ಆರಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಟೀಚರಮ್ಮನ ಬಲಗಣ್ಣಿಗೆ ಬೆಳಕು ಗೊತ್ತಾಗುತ್ತದೆ, ಅಕ್ಷರ ಗೊತ್ತಾಗುವುದಿಲ್ಲ ಎಂದರು ಡಾಕ್ಟರ್. ಟೈಲರ್ ಯಾರನ್ನೂ ಬೈಯದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಆರೂ ಕಾಲಿಗೆ ಫೋಟೋಗ್ರಾಫರನನ್ನು ಬಿಟ್ಟರು. ಸಹಿ ಹಾಕಿ ಹೊರಡುವಾಗ ಅವನು ಚಿಕ್ಕಪ್ಪ ಕೂತಿದ್ದ ಬೆಂಚಿನ ಕಡೆ ತಿರುಗಿ ನೋಡಲಿಲ್ಲ.

"ಅಂಗಡೀಲಿ ನಿನ್ನ ಬ್ಯಾಟರಿ ಚಾರ್ಜಿಗೆ ಹಾಕಿದ್ದೀನಿ. ಹೋದ ತಕ್ಷಣ ತೆಗಿ, ಉಬ್ಬಿಬಿಡುತ್ತೆ" ಎಂದ ಚಿಕ್ಕಪ್ಪ.

"ನನಗೆ ಗೊತ್ತು" ಎಂದ ಅವನು ಬಾಗಿಲಲ್ಲಿ ನಿಂತು. "ಫೋನಲ್ಲಿ ನೋಡಿದ್ದೀನಿ."