ಕಾಟಾ ಮೇಲೆ ನಿಂತ ಲಾರಿ

೧೯೯೬ರ ಫೆಬ್ರವರಿ ಹದಿಮೂರು, ಬೆಳಗ್ಗೆ ಏಳೂವರೆ. ಲಾರಿ ಮಾಲೀಕ ರಂಗಸ್ವಾಮಿ ಏದುಸಿರು ಬಿಡುತ್ತಾ ಪಾಂಡವಪುರ ಠಾಣೆಗೆ ಬಂದ. ಬೆಲ್ಲದ ಮೂಟೆ ತುಂಬಿ ಯಾರ್ಡಿನಲ್ಲಿ ನಿಲ್ಲಿಸಿದ್ದ ಅವನ ಲಾರಿ ಕಾಣೆಯಾಗಿತ್ತು. ಇನ್ಸ್‌ಪೆಕ್ಟರ್ ಮರಿಸ್ವಾಮಿ ದೂರು ಬರೆಸಿಕೊಂಡರು.

“ಲೋಡು ಎಷ್ಟಿತ್ತು?”

“ಪರ್ಮಿಟ್ ಪ್ರಕಾರ ಇತ್ತು ಸಾರ್.”

“ಎಷ್ಟು ಅಂದೆ?”

“ಅದ್ಯಾಕೆ ಈಗ? ಗಾಡಿ ಸಿಕ್ಕುದ್ರೆ ಸಾಕು, ಬುಡಿ.”

ಮರಿಸ್ವಾಮಿಗೆ ಕಸಿವಿಸಿಯಾಯಿತು. ಕಳೆದ ಮಾಲನ್ನು ಹೆಚ್ಚು ಹೇಳುವವರನ್ನು ಅವರು ಕಂಡಿದ್ದರು, ಬಾಯಿ ಮುಚ್ಚಿಕೊಳ್ಳುವವರನ್ನಲ್ಲ. ಎಫ್‌ಐಆರ್ ದಾಖಲಿಸಿ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಠಾಣೆಗಳಿಗೆ ವೈರ್‌ಲೆಸ್ ಸಂದೇಶ ಕೊಟ್ಟು, ಕಾನ್‌ಸ್ಟೇಬಲ್ ಮಂಜುನಾಥನೊಂದಿಗೆ ಯಾರ್ಡಿಗೆ ಹೊರಟರು.

ಸ್ಥಳ ಪಂಚನಾಮೆಯಲ್ಲಿ ಒಡೆದ ಬೀಗವೂ ಇಲ್ಲ, ಗಾಜಿನ ಚೂರೂ ಇಲ್ಲ. ಕೀಲಿ ಎಲ್ಲಿರುತ್ತದೆಂದು ಬಲ್ಲವನ ಕೆಲಸ.

“ಕೆಲಸ ಬಿಟ್ಟೋದೋರು ಯಾರವ್ರೆ?” ಎಂದು ಜೊತೆಗೆ ಬಂದಿದ್ದ ರಂಗಸ್ವಾಮಿಯನ್ನು ಕೇಳಿದರು.

“ಖಲಂದರ್ ಅಂತ ಡ್ರೈವರ್ರು. ಅವನ ತಮ್ಮ ಮುಬಾರಕ್‌ನೂ ನನ್ತಾವೇ ಇದ್ದ. ನಾಗಮಂಗಲದ್ ರೋಡಲ್ಲಿ ಗಾಡಿ ಪಲ್ಟಿ ಒಡೆಸ್ಕೊಂಡು ಸತ್ತೋದ. ತೂಕಡಿಸ್ಕೊಂಡು ಓಡುಸ್ತಿದ್ದ ನನ್ಮಗ.”

ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಚಹಾ ಮಾರುವ ಬೆಟ್ಟಮ್ಮ ಲಾರಿ ನೋಡಿದ್ದಳು. “ಶ್ರೀರಂಗಪಟ್ಣದ ಕಡೀಕೆ ಓಯ್ತು ಸ್ವಾಮಿ. ಸೈಕಲ್ನೋರೇ ಮುಂದಕ್ ಓಗ್ತಿದ್ರು. ಅಷ್ಟು ಮೆತ್ಗೆ.”

“ಕಳ್ಳ ಹಿಂಗೆ ಓಡುಸ್ತಾನಾ ಸಾರ್?” ಎಂದ ಮಂಜುನಾಥ. ಮರಿಸ್ವಾಮಿ ಜೀಪು ಹತ್ತಿದರು. ಅಷ್ಟರಲ್ಲಿ ವೈರ್‌ಲೆಸ್ ಕೂಗಿತು. ಲಾರಿ ಶ್ರೀರಂಗಪಟ್ಟಣದ ಹೊರಗಿನ ಕಾಟಾ ಮೇಲೆ, ಅಂದರೆ ಲಾರಿ ತೂಗುವ ಹಲಗೆಯ ಮೇಲೆ ನಿಂತಿತ್ತು. ಡ್ರೈವರ್ ಕೆಳಗಿಳಿಯಲೊಪ್ಪುತ್ತಿರಲಿಲ್ಲ.

ಮರಿಸ್ವಾಮಿ ಅಲ್ಲಿಗೆ ತಲುಪಿದಾಗ ಸೀಟಿನಲ್ಲಿದ್ದವನು ಖಲಂದರ್. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದ.

“ಯಾಕೋ ಕದ್ದೆ?”

“ತೂಕ ಹಾಕ್ಸಕ್ಕೆ ಸಾಬ್.”

“ತೂಕಕ್ಕೆ ಕಳ್ಳತನ ಯಾಕೆ? ಅರ್ಜಿ ಕೊಡೋಕಾಗ್ತಿರ್ಲಿಲ್ವಾ?”

“ಮೂರು ಆಫೀಸ್ಗೆ ಕೊಟ್ಟೆ. ಮುಬಾರಕ್ ಸತ್ತಾಗ ಬ್ರೇಕ್ ಹಿಡೀಲಿಲ್ಲ, ಓವರ್‌ಲೋಡು ಅಂದೆ. ತೂಕ ಹಾಕೋಕ್ ಮುಂಚೆ ಮಾಲೀಕ್ರು ಮೂಟೆ ಬೇರೆ ಗಾಡಿಗೆ ಏರ್ಸ್‌ಬುಟ್ರು. ಡ್ರೈವರ್ ಅಜಾಗರೂಕತೆ ಅಂತ ಠಾಣೇಲಿ ಬರ್ಕೊಂಡ್ರು. ಕದ್ದ ಮಾಲಾದ್ರೆ ನೀವು ಪಂಚನಾಮೆ ಮಾಡ್ಲೇಬೇಕಲ್ಲ ಸಾಬ್? ತೂಕ ಬರೀಲೇಬೇಕಲ್ಲ? ಒಂದ್ಸಲ ಬರೆದ್ರೆ, ಮುಬಾರಕ್ ಗಾಡೀಲೂ ಹಿಂಗೇ ತುಂಬಿದ್ರು ಅಂತ ಜನ ನಂಬ್ತಾರೆ.”

ಮರಿಸ್ವಾಮಿ ಹಿಂದಿನ ಮೂಟೆಗಳ ರಾಶಿ ನೋಡಿದರು. ಮೋಟಾರು ಕಾಯ್ದೆಗೆ ತಿದ್ದುಪಡಿಯಾಗಿ ವರ್ಷ ಕಳೆದಿತ್ತು. ಹೆಚ್ಚಿನ ಲೋಡನ್ನು ಅಲ್ಲೇ ಇಳಿಸಬೇಕೆಂದು ಸುತ್ತೋಲೆ ಓದಿದ್ದರು. ಇಳಿಸಿದ ಮಾಲನ್ನು ಇಡಲು ಜಾಗವಿಲ್ಲವೆಂದು ದಂಡ ಹಾಕಿ ಬಿಟ್ಟುಕಳಿಸುವ ರೂಢಿ ಮಾತ್ರ ಹಾಗೇ ಉಳಿದಿತ್ತು.

“ಅಷ್ಟು ನಿಧಾನಕ್ಕೆ ಯಾಕೆ ಬಂದೆ?”

“ಈ ಗಾಡೀದೂ ಬ್ರೇಕ್ ಹಿಡೀತಿಲ್ಲ. ಜನ ಓಡಾಡೋ ರೋಡು. ಎರಡನೇ ಗೇರಲ್ಲೇ ತಂದೆ.”

ಹಿಂದೆಯೇ ಬಂದಿಳಿದ ರಂಗಸ್ವಾಮಿ ಮರಿಸ್ವಾಮಿಯ ತೋಳು ಹಿಡಿದ. “ಗಾಡಿ ಸಿಕ್ತಲ್ಲ ಸಾರ್, ಕಂಪ್ಲೇಂಟ್ ವಾಪಸ್ ತಗೋತೀನಿ. ತೂಕಗೀಕ ಯಾಕೆ?”

“ಕೈ ಬಿಡು. ಮಂಜುನಾಥ, ಪಂಚರನ್ನ ಕರಿ, ಸಾಕ್ಷಿಗೆ ಇಬ್ರು ಬೇಕು.”

ಲಾರಿ, ಸರಕು ಸೇರಿ ಹದಿನಾರು ಟನ್ನಿಗಷ್ಟೇ ಪರವಾನಗಿಯಿತ್ತು. ಕಾಟಾ ಇಪ್ಪತ್ತನಾಲ್ಕು ತೋರಿಸಿತು. ಪಂಚರು ಸಹಿ ಹಾಕಿದರು. ರಂಗಸ್ವಾಮಿಯ ಮೇಲೆ ಮೋಟಾರು ಕಾಯ್ದೆಯಡಿ ಬೇರೆ ಪ್ರಕರಣವಾಯಿತು. ಖಲಂದರ್ ತಾನಾಗಿ ಇಳಿದು ಕೈ ಮುಂದೆ ಚಾಚಿದ. ಮಧ್ಯಾಹ್ನ ಹನ್ನೆರಡೂಕಾಲಿಗೆ ದಸ್ತಗಿರಿ ಎಂದು ದಾಖಲಾಯಿತು.

ಸಂಜೆ, ಬಂಧನದ ವಿಷಯ ತಿಳಿಸಲು ಮರಿಸ್ವಾಮಿ ತಾವೇ ಖಲಂದರನ ಮನೆಗೆ ಹೋದರು. ಮುಬಾರಕ್ ನಿದ್ದೆಗಣ್ಣಲ್ಲಿ ಗಾಡಿ ಉರುಳಿಸಿದ ಎಂಬ ಮಾತಿಗೆ ಹೆದರಿ ತಾಯಿ ರೆಹಮತುನ್ನೀಸಾ ಬೀದಿಗಿಳಿಯುವುದನ್ನೇ ಬಿಟ್ಟಿದ್ದಳು. ದೊಡ್ಡ ಮಗ ಲಾಕಪ್ಪಿನಲ್ಲಿದ್ದಾನೆ ಎಂದಾಗ ಅವಳು ಅಳಲಿಲ್ಲ.

“ತೂಕ ಎಷ್ಟು ಬಂತು ಸಾಬ್?”

“ಎಂಟು ಟನ್ ಜಾಸ್ತಿ ಇತ್ತಮ್ಮ.”

“ಬರ್ದಿದ್ದೀರಾ?”

“ಬರ್ದಿದ್ದೀನಿ.”

ಅವಳು ಸೆರಗು ಸರಿಪಡಿಸಿಕೊಂಡು, ಮುಚ್ಚಿದ್ದ ಬೀದಿಬಾಗಿಲನ್ನು ಪೂರ್ತಿ ತೆರೆದಿಟ್ಟಳು.