ಮನೆಗೆ ಮರಳಿದ ವರಾಹ

2008ರ ಫೆಬ್ರವರಿ 11, ಸೋಮವಾರ. ಬೆಳಗಿನ ಹನ್ನೊಂದರ ಸುಮಾರಿಗೆ ರಾಣೇಬೆನ್ನೂರು ಶಹರ ಪೊಲೀಸ್ ಠಾಣೆಗೆ ಬಂದ ಪ್ರಭುಲಿಂಗಪ್ಪನವರು ಕುರ್ಚಿ ತೋರಿಸಿದರೂ ಕೂಡಲಿಲ್ಲ. ಅಂಗಿಯ ಒಳಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಇನ್ಸ್‌ಪೆಕ್ಟರ್ ಹಾಲಸಿದ್ದಪ್ಪನ ಮೇಜಿನ ಮೇಲೆ ಬಿಚ್ಚಿದರು. ಒಳಗೆ ಅಂಗಿ ಗುಂಡಿಯಷ್ಟೇ ಅಗಲದ ಎರಡು ಹಳದಿ ನಾಣ್ಯಗಳಿದ್ದವು. ಎರಡರ ಮೇಲೂ ಎರಡು ತಲೆಯ ಹಕ್ಕಿ, ಗಂಡಭೇರುಂಡ.

“ನನ್ನ ನಾಣ್ಯಾನ ನನಗ ಮಾರ್ಯಾರ್ರಿ, ಸಾಹೇಬ್ರ,” ಎಂದರು.

“ಕುಂದ್ರಿ. ಮೊದಲಿಂದ ಹೇಳ್ರಿ.”

ಪ್ರಭುಲಿಂಗಪ್ಪನವರಿಗೆ ಅರವತ್ತೆಂಟು. ಹತ್ತಿ ಬೀಜದ ವ್ಯಾಪಾರ ಬಿಟ್ಟ ಮೇಲೆ ಹಳೆಯ ನಾಣ್ಯಗಳೇ ಅವರ ಉದ್ಯೋಗ. ಮೊದಲೆಲ್ಲ ಹುಬ್ಬಳ್ಳಿ, ಪುಣೆಯ ವ್ಯಾಪಾರಿಗಳಿಂದ ಕೊಳ್ಳುತ್ತಿದ್ದರು. ಮನೆಗೆ ಕಂಪ್ಯೂಟರ್ ತಂದ ಮೇಲೆ ಇಂಟರ್ನೆಟ್ಟಿನ ಹರಾಜಿನಲ್ಲಿ ಕೊಳ್ಳತೊಡಗಿದರು. ಜನವರಿಯಲ್ಲಿ ವಿಜಯನಗರದ ಅಚ್ಯುತರಾಯನ ಕಾಲದ ಬಂಗಾರದ ನಾಣ್ಯ, ಗಂಡಭೇರುಂಡ ವರಾಹವೊಂದು ಹರಾಜಿಗೆ ಬಂತು. ಅಂಥದೊಂದು ಅವರ ಕಪಾಟಿನಲ್ಲಿ ಮೊದಲೇ ಇತ್ತು. ಜೋಡಿ ಮಾಡಬೇಕೆಂದು ಹಟ ಹಿಡಿದು, ಬೆಲೆ ಏರಿಸುತ್ತ ಹೋಗಿ ಗೆದ್ದರು. ಶನಿವಾರ ಪಾರ್ಸೆಲ್ ಬಂತು.

“ಕಣ್ಣಿಗೆ ಪೊರಿ ಬಂದೈತ್ರಿ. ಭೂತಗನ್ನಡಿ ಹಿಡಕೊಂಡು ನೋಡಾಕತ್ತಿದ್ದೆ. ಕಣ್ಣಿಗಿಂತ ಮೊದಲ ಹೆಬ್ಬಟ್ಟಿಗೆ ಗೊತ್ತಾತು. ಇಲ್ಲಿ ಅಂಚಿನ ಮ್ಯಾಲ ಒರಟ ಐತಿ, ಮುಟ್ಟಿ ನೋಡ್ರಿ. ಇದು ನಮ್ಮ ಮನ್ಯಾಕಿ ಅಜ್ಜಿ ಸರದಾಗ ಇತ್ತು. ಕುಣಿಕಿ ನಾನ ತಗಸಿದ್ದೆ. ಆ ಬೆಸುಗಿ ಗುರುತು ಇದು.”

“ಹಂಗಾರ ಕಪಾಟಿನ್ಯಾಗ ಇದ್ದದ್ದು?”

ಪ್ರಭುಲಿಂಗಪ್ಪನವರು ಎರಡನೇ ನಾಣ್ಯವನ್ನು ಬೆರಳತುದಿಯಿಂದ ಆಚೆ ತಳ್ಳಿದರು. “ತೂಕಕ್ಕ ಹಾಕಿದೆ. ಹಗುರ. ಹಿತ್ತಾಳಿ ಮ್ಯಾಲ ಬಂಗಾರದ ನೀರ ಕುಡಿಸ್ಯಾರ.”

ಹೆಡ್ ಕಾನ್‌ಸ್ಟೇಬಲ್ ಯೂಸುಫಸಾಬ ಫಿರ್ಯಾದಿ ಬರೆದುಕೊಂಡ. ಮನೆಗಳವು ಮತ್ತು ವಂಚನೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಸಹಿ ಹಾಕಿ ಎದ್ದ ಪ್ರಭುಲಿಂಗಪ್ಪನವರು, “ಯಾವನ ಇರಲಿ, ಬಿಡಬ್ಯಾಡ್ರಿ,” ಎಂದರು.

ಮಧ್ಯಾಹ್ನ ಹಲಗೇರಿ ರಸ್ತೆಯ ಅವರ ಮನೆಯಲ್ಲಿ ಪಂಚನಾಮೆ ನಡೆಯಿತು. ಮುಂಬಾಗಿಲಿಗೆ ಕಬ್ಬಿಣದ ಜಾಲರಿ, ಅದರ ಹಿಂದೆ ತೇಗದ ಬಾಗಿಲು. ಕಿಟಕಿಗಳಿಗೆಲ್ಲ ಒಳಗಿನಿಂದ ಇನ್ನೊಂದು ಸುತ್ತು ಸರಳು. ಹಿತ್ತಲ ಬಾಗಿಲನ್ನು ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಮುರಿದ, ಮೀಟಿದ ಗುರುತು ಎಲ್ಲಿಯೂ ಇರಲಿಲ್ಲ. ಪೇಟೆಯಲ್ಲಿ ಅಕ್ಕಸಾಲಿಕೆ ಮಾಡುವ ಪತ್ತಾರನೊಬ್ಬ ಪಂಚರೆದುರು ಕಪಾಟಿನ ತಟ್ಟೆಗಳನ್ನು ಒಂದೊಂದಾಗಿ ತೆಗೆದು ತೂಗಿದ. ಬೆಳ್ಳಿ ನಾಣ್ಯಗಳು ಸರಿ ಇದ್ದವು. ಬಂಗಾರದವುಗಳಲ್ಲಿ ಅರ್ಧಕ್ಕರ್ಧ ಹಿತ್ತಾಳೆ. ಒಂದೊಂದು ತಟ್ಟೆ ಮುಗಿದಂತೆಲ್ಲ ಪ್ರಭುಲಿಂಗಪ್ಪನವರ ಮಾತು ಕಡಿಮೆಯಾಗುತ್ತ ಬಂತು. ಕೊನೆಗೆ ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೇ ಕೂತರು.

“ಇಷ್ಟ ದಿನ ಗೊತ್ತಾಗ್ಲಿಲ್ಲೇನ್ರಿ?” ಹಾಲಸಿದ್ದಪ್ಪ ಕೇಳಿದ.

“ಹೊಸಾದ ಬಂದ್ರ ನೋಡ್ತೇನಿ. ಹಳೇವನ್ನ ತಟ್ಟಿಯೊಳಗ ಇದ್ದಂಗ ಇಟ್ಟು ನೋಡ್ತೇನಿ. ತಟ್ಟಿ ಮಗಳ ತಗದ ಕೊಡ್ತಾಳ.”

“ಕಪಾಟಿನ ಚಾವಿ?”

“ಒಂದು ನನ್ನ ಉಡದಾರಕ್ಕ ಐತಿ. ಇನ್ನೊಂದು ಅಕಿ ಹತ್ರ.”

ಮಗಳು ಶೈಲಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ವಯಸ್ಸು ಮೂವತ್ಮೂರು. ಬಿಎಡ್ ಓದಿದವಳು, ಮದುವೆಯಾಗಿಲ್ಲ. ತಾಯಿ ತೀರಿಹೋದ ಮೇಲೆ ಮನೆಯಲ್ಲಿ ಇರುವವರು ಇವರಿಬ್ಬರೇ.

“ಹೊರಗಿನವರು ಯಾರ್ಯಾರು ಬರ್ತಾರವಾ?”

“ಯಾರೂ ಬರೂದಿಲ್ರಿ.”

“ಮನಿ ಖಾಲಿ ಇದ್ದಿದ್ದು ಯಾವಾಗ?”

“ಖಾಲಿ ಬಿಡೂದಿಲ್ರಿ.”

“ಮದವಿ, ಮುಂಜವಿ ಬಂದ್ರ?”

“ಅಪ್ಪ ಹೋಗಿ ಬರ್ತಾನ. ನಾ ಇರ್ತೇನಿ.”

“ನೀ ಹೋದಾಗ?”

“ನಾ ಹೋಗೂದಿಲ್ರಿ.”

ನೆಲದ ಮೇಲೆ ಕೂತಿದ್ದ ಪ್ರಭುಲಿಂಗಪ್ಪನವರು ತಲೆ ಎತ್ತದೆ ಹೇಳಿದರು: “ಬ್ಯಾಡಗಿಯಿಂದ ಅಕಿ ಗೆಳತಿ ಒಬ್ಬಾಕಿ ಬರ್ತಾಳಲ್ಲ. ಸುಮಯ್ಯಾ. ಕೂಡಿ ಕಾಲೇಜಿಗೆ ಹೋಗಿದ್ರು.”

ಶೈಲಶ್ರೀ ಅಪ್ಪನ ಕಡೆ ನೋಡಿ ಅಡುಗೆಮನೆಯೊಳಗೆ ಹೋದಳು.

ಜೀಪು ಹತ್ತುವಾಗ ಯೂಸುಫಸಾಬ, “ಹೊರಗಿನ ಕಳ್ಳ ಅಲ್ರಿ ಸಾಹೇಬ್ರ,” ಎಂದ.

“ಹೌದು. ಆದ್ರ ಹೆಣಮಗಳ ಹೆಸರ ಬಾಯಾಗ ತಗಿಯೂಕಿಂತ ಮೊದಲ ಕೈಯಾಗ ಕಾಗದ ಇರಬೇಕು.”

ಪಾರ್ಸೆಲ್ ಮೇಲೆ ಹಾವೇರಿ ಅಂಚೆ ಕಚೇರಿಯ ಮುದ್ರೆ ಇತ್ತು. ಕಳಿಸಿದವರ ವಿಳಾಸ ಬರೀ ಒಂದು ಅಂಗಡಿಯ ಹೆಸರು. ಯೂಸುಫಸಾಬ ಹಾವೇರಿಗೆ ಹೋಗಿ ವಿಚಾರಿಸಿದಾಗ ಅಂಥ ಅಂಗಡಿ ಅಲ್ಲಿರಲಿಲ್ಲ. ಹಾಲಸಿದ್ದಪ್ಪ ಹರಾಜು ನಡೆಸುವ ಮುಂಬೈ ಕಂಪನಿಗೆ ಠಾಣೆಯ ಲೆಟರ್‌ಹೆಡ್ಡಿನಲ್ಲಿ ಬರೆದು, ಮಾರಿದವರ ವಿವರ ಕೇಳಿದ. ಉತ್ತರಕ್ಕಾಗಿ ಕಾಯುವುದಷ್ಟೇ ಉಳಿಯಿತು.

ಫೆಬ್ರವರಿ 18ರಂದು ಪ್ರಭುಲಿಂಗಪ್ಪನವರು ಮತ್ತೆ ಠಾಣೆಗೆ ಬಂದರು. ಗಡ್ಡ ಬೋಳಿಸಿರಲಿಲ್ಲ.

“ಫಿರ್ಯಾದಿ ವಾಪಸ್ ತಗೋತೇನ್ರಿ.”

“ಯಾಕ?”

“ನಂದ ತಪ್ಪ. ವಯಸ್ಸಾತು, ನೆನಪ ಹಾರತೈತಿ. ನಾನ ಯಾರಿಗರೆ ಮಾರಿರಬೇಕು.”

“ಅರ್ಧಾ ಕಪಾಟ ಮರತ ಮಾರಿದ್ರ್ಯಾ? ಅದರ ಜಾಗಾಕ್ಕ ಹಿತ್ತಾಳಿ ಇಟ್ಟದ್ದೂ ಮರತ್ರ್ಯಾ?”

ಹಾಲಸಿದ್ದಪ್ಪ ದನಿ ತಗ್ಗಿಸಿದ. “ಮನ್ಯಾಗ ಏನರೆ ಮಾತಾತೇನ್ರಿ?”

“ಏನೂ ಇಲ್ಲ. ಅಕಿ ಅಡಗಿ ಮಾಡ್ತಾಳ, ನಾ ಉಣ್ತೇನಿ. ಅಕಿ ನನ್ನ ಮಾರಿ ನೋಡೂದಿಲ್ಲ. ನಾ ಅಕಿ ಮಾರಿ ನೋಡೂದಿಲ್ಲ.” ಮೇಜಿನ ಮೇಲಿನ ಕಡತದತ್ತ ಬೆರಳು ಮಾಡಿ ಕೇಳಿದರು: “ಹರದ ಒಗಿಯಾಕ ಬರೂದಿಲ್ಲೇನ್ರಿ ಆ ಕಾಗದ?”

“ಎಫ್‌ಐಆರ್ ಕೋರ್ಟಿಗೆ ಹೋಗೇತ್ರಿ. ಈಗ ನೀವು ಬ್ಯಾಡ ಅಂದ್ರೂ ನಿಲ್ಲೂದಿಲ್ಲ, ನಾ ಬ್ಯಾಡ ಅಂದ್ರೂ ನಿಲ್ಲೂದಿಲ್ಲ.”

“ಹಂಗಾರ ನಾ ಏನ ಮಾಡ್ಲಿ?”

ಹಾಲಸಿದ್ದಪ್ಪ ಚಹಾ ತರಿಸಿದ. ಅವರು ಕುಡಿಯದೆ ಎದ್ದರು.

ಮರುದಿನ ಮುಂಬೈಯಿಂದ ಫ್ಯಾಕ್ಸ್ ಬಂತು. ಮಾರಿದವರ ಖಾತೆ ಬ್ಯಾಡಗಿಯ ಸುಮಯ್ಯಾ ಎಂಬವಳದು. ಎರಡು ವರ್ಷಗಳಲ್ಲಿ ಅದೇ ಖಾತೆಯಿಂದ ಹಲವು ಹಳೆಯ ಬಂಗಾರದ ನಾಣ್ಯಗಳು ಮಾರಾಟವಾಗಿದ್ದವು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆ ದಾಟುವಷ್ಟರಲ್ಲಿ ಜೀಪಿನಲ್ಲಿದ್ದವರೆಲ್ಲ ಸೀನತೊಡಗಿದ್ದರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸುಮಯ್ಯಾಳ ಝೆರಾಕ್ಸ್ ಅಂಗಡಿ. ಒಳಗೆ ಇಂಟರ್ನೆಟ್‌ಗೆಂದು ಎರಡು ಕಂಪ್ಯೂಟರ್. ಹಿಂದಿನ ಕೋಣೆಯಲ್ಲಿ ಅವಳ ತಮ್ಮ ಜಾಕೀರ್ ನಕಲಿ ಬಂಗಾರದ ಓಲೆ, ಬಳೆ ಎರಕ ಹೊಯ್ಯುತ್ತಿದ್ದ.

ಹಾಲಸಿದ್ದಪ್ಪ ಹಿತ್ತಾಳೆಯ ವರಾಹವನ್ನು ಜಾಕೀರನ ಮುಂದಿಟ್ಟ. “ಇದು ನಿನ್ನ ಕೆಲಸ?”

ಜಾಕೀರ್ ಅದನ್ನು ತಿರುಗಿಸಿ ನೋಡಿದ. “ಹೌದ್ರಿ. ಅಚ್ಚು ತಗಿಯಾಕ ಅಕ್ಕ ನಾಣ್ಯ ಕೊಟ್ಟಿದ್ಲು. ಸಾಲಿ ಹುಡುಗ್ರಿಗೆ ತೋರ್ಸಾಕ ಬೇಕಂತ ಹೇಳಿದ್ಲು.”

“ಅಂವಗ ಗೊತ್ತಿಲ್ರಿ,” ಸುಮಯ್ಯಾ ಬಾಗಿಲಲ್ಲೇ ನಿಂತು ಹೇಳಿದಳು. “ಅಂವನ್ನ ಬಿಡ್ರಿ. ಶೈಲಾ ಕೊಟ್ಟದ್ದು ನನಗ. ಮಾರಿದ್ದು ನಾ.”

“ರೊಕ್ಕ ಎಲ್ಲಿ?”

“ಬ್ಯಾಂಕಿನ್ಯಾಗ ಹಂಗ ಐತ್ರಿ. ಒಂದ ಪೈಸಾ ಮುಟ್ಟಿಲ್ಲ. ಅಕಿ ಒಮ್ಮೆನೂ ಕೇಳಿಲ್ಲ.”

“ರೊಕ್ಕ ಬ್ಯಾಡಂದ್ರ ಕಳವ ಯಾಕ ಮಾಡಿದ್ಲು?”

“ಅದನ್ನ ಅಕೀನ ಹೇಳಬೇಕ್ರಿ.”

ಯೂಸುಫಸಾಬ ಬ್ಯಾಂಕಿಗೆ ಹೋಗಿ ಬಂದ. ಸುಮಯ್ಯಾ ಹೇಳಿದ್ದು ಖರೇ ಇತ್ತು. ಹಾಲಸಿದ್ದಪ್ಪನಿಗೆ ಅದೇ ತಲೆ ತಿನ್ನತೊಡಗಿತು. ಇಪ್ಪತ್ತು ವರ್ಷಗಳ ನೌಕರಿಯಲ್ಲಿ, ಕದ್ದದ್ದನ್ನು ಬಳಸದ ಕಳ್ಳರನ್ನು ಅವನು ಕಂಡಿರಲಿಲ್ಲ.

ಫೆಬ್ರವರಿ 21, ಬೆಳಗಿನ ಎಂಟು ಗಂಟೆ. ಮಹಿಳಾ ಕಾನ್‌ಸ್ಟೇಬಲ್ ಜಯವ್ವಳನ್ನು ಕರೆದುಕೊಂಡು ಹಾಲಸಿದ್ದಪ್ಪ ಹಲಗೇರಿ ರಸ್ತೆಗೆ ಹೋದ. ಜಾಲರಿಯಾಚೆ ನಿಂತ ಪ್ರಭುಲಿಂಗಪ್ಪನವರು ಜಯವ್ವಳ ಖಾಕಿ ಸೀರೆ ಕಂಡು ಬೀಗ ತೆಗೆಯಲಿಲ್ಲ.

“ಅಪ್ಪಾ, ತಗಿ,” ಒಳಗಿನಿಂದ ಶೈಲಶ್ರೀಯ ದನಿ ಬಂತು. ಅವರು ತೆಗೆಯದಿದ್ದಾಗ ತಾನೇ ಬಂದು ತೆಗೆದಳು. ಆಗಲೇ ಬೇರೆ ಸೀರೆ ಉಟ್ಟು, ಜಡೆ ಹಾಕಿಕೊಂಡಿದ್ದಳು.

ಠಾಣೆಯಲ್ಲಿ ಜಯವ್ವ ಪಕ್ಕದಲ್ಲಿ ಕೂತಳು. ಯೂಸುಫಸಾಬ ಹೇಳಿಕೆ ಬರೆದುಕೊಂಡ.

“ನೀ ತಗದಿದ್ದು ಖರೇ?”

“ಖರೇರಿ.”

“ಯಾಕ?”

“ನಮ್ಮವ್ವ ಸಾಯೂಮುಂದ ಕದರಮಂಡಲಗಿಯೊಳಗಿನ ತನ್ನ ತಂಗಿ, ನಮ್ಮ ಚಿಗವ್ವನ ನೋಡಬೇಕಂದ್ಲು. ಕರಕೊಂಡು ಹೋಗೂದಂದ್ರ ನಾ ಹೋಗಬೇಕು, ಅಪ್ಪಗ ಕಣ್ಣ ತೋರ್ಸಾಕ ದವಾಖಾನಿಗೆ ಹೋಗೂದಿತ್ತು. ಮನಿ ಯಾರು ನೋಡ್ತಾರ ಅಂದ. ಅವ್ವ ಹೋಗ್ಲಿಲ್ಲ. ಮುಂದ ನನಗ ಐರಣಿ ಸಾಲಿಗೆ ಮಾಸ್ತರಿಕಿ ಆರ್ಡರ್ ಬಂತು. ಆಗೂ ಅದ ಮಾತು, ಮನಿ ಯಾರು ನೋಡ್ತಾರ. ಹೆಣ್ಣ ನೋಡಾಕ ಬಂದವ್ರಿಗೂ ಅಪ್ಪ ಬಾಗಲದಾಗ ನಿಂತ ಮಾತಾಡಿ ಕಳಸ್ತಿದ್ದ. ಒಳಗ ಕರದ್ರ ಕಪಾಟ ಕಾಣತೈತಲ್ಲ.”

“ನೀ ಎದ್ದ ಹೋಗಬಹುದಿತ್ತಲ್ಲವಾ?”

“ಅಂವಗ ಕಣ್ಣ ಕಾಣೂದಿಲ್ರಿ. ಬಿಟ್ಟ ಹೋಗಾಕ ಮನಸ್ಸ ಬರ್ಲಿಲ್ಲ. ನಾಣ್ಯನ ಇಲ್ಲಂದ್ರ ಕಾಯೂದ ಏನೈತಿ ಅನಿಸ್ತು. ಎಲ್ಲಾ ಖಾಲಿ ಮಾಡಿ, ಒಂದಿನ ಅವನ ಮುಂದ ಹೇಳಿ ಬಿಡಬೇಕು, ಅಪ್ಪಾ, ಇನ್ನ ಇಲ್ಲಿ ಏನೂ ಇಲ್ಲ, ನಡಿ ಹೊರಗ ಹೋಗೂಣು ಅಂತ.”

“ಅವ್ರು ಇತ್ತಾಗ ಕೊಳ್ಳಾಕ ಹತ್ತಿದ್ರಲ್ಲ.”

“ಹೌದ್ರಿ. ನಾ ಒಂದ ಕಳಿಸಿದ್ರ ಅಂವ ಒಂದ ತರಸ್ತಿದ್ದ. ಹರಾಜಿಗೆ ಬೆಲಿ ಹಾಕೂದೂ ನಾನ. ಅಂವಗ ಕಂಪ್ಯೂಟರ್ ಬರೂದಿಲ್ಲ. ಈ ವರಾಹ ಬಂದ ದಿವಸ ನನ್ನ ಹಿಂದ ನಿಂತು, ಹೆಗಲ ಮ್ಯಾಲ ಕೈ ಇಟ್ಟು, ಏರ್ಸು, ಇನ್ನೊಂದಿಷ್ಟ ಏರ್ಸು ಅನ್ನಾಕತ್ತಿದ್ದ. ನಾ ಏರಸ್ಕೋಂತ ಹೋದೆ. ನಮ್ಮವ್ವನ ಮನಿ ಸರದ್ದ ನಾಣ್ಯ ಅದು.”

ಯೂಸುಫಸಾಬನ ಪೆನ್ನು ನಿಂತಿತು. ಹಾಲಸಿದ್ದಪ್ಪ ಬರೆ ಎಂದು ಸನ್ನೆ ಮಾಡಿದ.

“ಗೆದ್ದವರ ವಿಳಾಸ ನೋಡಿ ಸುಮಯ್ಯಾ ನಿನಗ ಫೋನ್ ಮಾಡಿರಬೇಕಲ್ಲ?”

“ಮಾಡಿದ್ಲು. ಮಾರೂದ ರದ್ದ ಮಾಡಿಬಿಡ್ತೇನಿ ಅಂದ್ಲು. ಬ್ಯಾಡ, ಕಳಸು ಅಂದೆ.”

“ಅಪ್ಪ ಗುರುತ ಹಿಡೀತಾನಂತ ಗೊತ್ತಿರ್ಲಿಲ್ಲ?”

“ಗೊತ್ತಿತ್ರಿ,” ಎಂದಳು.

ಬಂಧನದ ಕಾಗದಕ್ಕೆ ಅವಳು ಸಹಿ ಮಾಡಿದಾಗ ಹನ್ನೊಂದೂವರೆ. ಮಧ್ಯಾಹ್ನ ಶೈಲಶ್ರೀ, ಸುಮಯ್ಯಾ ಇಬ್ಬರನ್ನೂ ರಾಣೇಬೆನ್ನೂರು ಕೋರ್ಟಿಗೆ ಹಾಜರುಪಡಿಸಿದರು. ಜಾಕೀರ್ ಸಾಕ್ಷಿಯಾದ. ಆರೋಪಿಗಳು ಹೆಂಗಸರೆಂದು ನ್ಯಾಯಾಧೀಶರು ಜಾಮೀನು ಕೊಟ್ಟರು. ಸುಮಯ್ಯಾಳ ಗಂಡನ ಮನೆಯವರು ಜಾಮೀನಿಗೆಂದು ಹೊಲದ ಪಹಣಿ ಉತಾರದೊಂದಿಗೆ ಕಾದಿದ್ದರು; ಸಂಜೆಗೆ ಕರೆದುಕೊಂಡು ಹೋದರು. ಶೈಲಶ್ರೀಗೆ ಜಾಮೀನು ನಿಲ್ಲಲು ಯಾರೂ ಬಂದಿರಲಿಲ್ಲ. ಅವಳನ್ನು ಹಾವೇರಿ ಜೈಲಿಗೆ ಕಳಿಸಿದರು.

ಹಾಲಸಿದ್ದಪ್ಪ ಪ್ರಭುಲಿಂಗಪ್ಪನವರಿಗೆ ಫೋನ್ ಮಾಡಿದ. “ನೀವು ಬಂದ ಸಹಿ ಮಾಡಿದ್ರ ನಾಳೆನ ಬಿಡ್ತಾರ್ರಿ.”

“ಬರ್ತೇನ್ರಿ. ಬರಬೇಕು.” ಆ ಕಡೆ ಬೀಗ ಜಗ್ಗಿ ನೋಡಿದ ಸದ್ದು ಕೇಳಿಸಿತು. “ಒಬ್ಬ ಪೊಲೀಸನ್ನ ಇಲ್ಲಿ ಕುಂದ್ರಸಾಕ ಆಕ್ಕೇತೇನ್ರಿ? ಅರ್ಧಾ ದಿವಸ ಸಾಕು.”

“ಆಗೂದಿಲ್ರಿ.”

ಮರುದಿನ ಅವರು ಬರಲಿಲ್ಲ. ಅದರ ಮರುದಿನ ಕೋರ್ಟು ತೆರೆಯುವ ಮೊದಲೇ ವರಾಂಡದಲ್ಲಿದ್ದರು. ಎದೆಗವಚಿಕೊಂಡ ದಪ್ಪ ಬಟ್ಟೆಯ ಚೀಲದಲ್ಲಿ, ಜಪ್ತಿಯಾಗದೆ ಉಳಿದ ನಾಣ್ಯಗಳೆಲ್ಲ ಇದ್ದವು. ಫಿರ್ಯಾದಿದಾರನೇ ಆರೋಪಿಗೆ ಜಾಮೀನು ನಿಂತದ್ದನ್ನು ಕಂಡು ಗುಮಾಸ್ತ ಎರಡು ಸಲ ಹೆಸರು ಕೇಳಿದ. ಚೀಲ ಕೆಳಗಿಡದೆ, ಮೊಣಕಾಲಿನ ಮೇಲೆ ಕಾಗದ ಇಟ್ಟುಕೊಂಡು ಸಹಿ ಮಾಡಿದರು.

ಬಿಡುಗಡೆಯ ಕಾಗದ ಹಾವೇರಿಗೆ ಒಯ್ದವಳು ಜಯವ್ವ. ಮುದುಕರೂ ಅದೇ ಬಸ್ಸಿಗೆ ಬಂದರು. ಸಂಜೆಗೆ ಮುಂಚೆ ಜೈಲಿನ ಸಣ್ಣ ಬಾಗಿಲಿನಿಂದ ಶೈಲಶ್ರೀ ಹೊರಬಂದಳು. ಅಪ್ಪ, ಮಗಳು ಒಬ್ಬರನ್ನೊಬ್ಬರು ನೋಡುತ್ತ ನಿಂತರು.

“ಉಂಡಿ?” ಎಂದರು ಪ್ರಭುಲಿಂಗಪ್ಪ.

“ಉಂಡೇನಿ.”

ಅವರು ಚೀಲವನ್ನು ಮುಂದೆ ಚಾಚಿದರು. “ಸ್ವಲ್ಪ ಹಿಡಿ. ಮುಂಜಾನಿಂದ ಹೊತ್ತೇನಿ, ಕೈ ಸೋತಾವು.”

ಶೈಲಶ್ರೀ ಕೈ ಮುಂದೆ ಮಾಡಲಿಲ್ಲ. “ಕೆಳಗ ಇಡಪ್ಪಾ,” ಎಂದಳು.

ಅವರು ನೆಲ ನೋಡಿದರು, ರಸ್ತೆ ನೋಡಿದರು. ಚೀಲವನ್ನು ಮತ್ತೆ ಎದೆಗೆ ಒತ್ತಿಕೊಂಡರು.

ಶೈಲಶ್ರೀ ಇನ್ನೊಂದು ಕ್ಷಣ ಕಾದಳು. ಆಮೇಲೆ ಚಿಗವ್ವನ ಊರು ಕದರಮಂಡಲಗಿಗೆ ಬಸ್ಸು ಎಲ್ಲಿ ಸಿಗುತ್ತದೆಂದು ಜಯವ್ವಳನ್ನು ಕೇಳಿ, ಆ ಕಡೆ ನಡೆದಳು. ಅವಳ ಹಿಂದೆ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಚೀಲ ಮೇಲೆತ್ತಿಕೊಳ್ಳುತ್ತ, ಮುದುಕರೂ ಹೊರಟರು.