ನಾಲ್ಕನೇ ಮಹಡಿಯಲ್ಲಿ ಹತ್ತಿದವರು

“ಯಾರಿಗಮ್ಮಾ ಕಾಯ್ತಿದೀಯ? ನಿಮ್ಮಪ್ಪ ಬರ್ತಾನಾ?” ಎಂದು ಲಿಫ್ಟು ಓಡಿಸುವ ವರ್ನೀಟಾಳ ಮೇಲೆ ಕಿರುಚಿದೆ. ಲಿಫ್ಟಿನಲ್ಲಿದ್ದ ಇಬ್ಬರು ವಕೀಲರು ನಕ್ಕರು.

ಅಮೆರಿಕದ ಮಿಲ್ವಾಕೀ ನಗರದ ಪೇಟೆಯಲ್ಲಿದ್ದ ಆ ಹಳೆಯ ಕಟ್ಟಡದ ಮೇಲ್ವಿಚಾರಕ ನಾನು. ಅಲ್ಲಿನ ಲಿಫ್ಟಿಗೆ ಗುಂಡಿಗಳಿಲ್ಲ. ಹಿತ್ತಾಳೆಯ ಹಿಡಿ ತಿರುಗಿಸಿ ವರ್ನೀಟಾ ಅದನ್ನು ಓಡಿಸುತ್ತಿದ್ದಳು. ದಿನಾ ಬೆಳಿಗ್ಗೆ, ಖಾಲಿ ಬಿದ್ದ ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದು ಸುಮ್ಮನೆ ನಿಲ್ಲುತ್ತಿದ್ದಳು.

“ಕೋಲೂರಿಕೊಂಡು ಬರ್ತಿದಾರೆ, ಸ್ವಲ್ಪ ತಡ್ಕೊಳಪ್ಪಾ” ಎಂದಳು ನನಗೆ.

ಆಗ ಲಿಫ್ಟು, ಯಾರೋ ಹತ್ತಿದಂತೆ, ಎರಡು ಬೆರಳಷ್ಟು ಕುಸಿಯಿತು. ಒದ್ದೆ ಉಣ್ಣೆಯ ವಾಸನೆ ಬಂತು. ಹೊರಗೆ ಸುಡುಬಿಸಿಲಿತ್ತು. ವಕೀಲರ ನಗು ನಿಂತಿತು.

ನೆಲಮಹಡಿ ಬಂದೊಡನೆ ಅವರಿಬ್ಬರೂ ಹೊರಗೋಡಿದರು. ವರ್ನೀಟಾ ಬಾಗಿಲು ಹಿಡಿದುಕೊಂಡು, ಯಾರೂ ಇಲ್ಲದ ಮೂಲೆಯತ್ತ ನೋಡಿ, “ನಿಧಾನ ಸಾರ್, ಹೊಸ್ತಿಲು ನೋಡ್ಕೊಂಡು ಇಳೀರಿ” ಅಂದಳು.

ನನಗೂ ಹೆದರಿಕೆಯಾಗಿತ್ತು. ನೆಲಮಹಡಿಯಲ್ಲಿ ನಿಂತಿದ್ದವರಿಗೆ ಅದು ಕಾಣದಿರಲೆಂದು, “ಸಾಕು ಮಾಡೇ ನಿನ್ನ ನಾಟಕ, ಹುಚ್ಚು ಮುದುಕಿ!” ಎಂದು ಅವಳ ತೋಳು ಹಿಡಿದು ಹೊರಗೆಳೆದೆ. ಜಾಲರಿ ಬಾಗಿಲನ್ನು ದಡಾರನೆ ಮುಚ್ಚಿದೆ.

“ಅವರಿನ್ನೂ ಇಳಿದಿರಲಿಲ್ಲ ಕಣೋ” ಎಂದಳು. ಬಿಳಿ ಕೈಗವಸು ಬಿಚ್ಚಿ ನನ್ನ ಕೈಗಿಟ್ಟು, ತಿರುಗುಬಾಗಿಲು ದಾಟಿ ಹೋದಳು.

ಈಗ ಲಿಫ್ಟು ಓಡಿಸುವವನು ನಾನೇ. ಎಷ್ಟು ಸರಿಯಾಗಿ ನಿಲ್ಲಿಸಿದರೂ ಅದು ಪ್ರತಿ ಮಹಡಿಯಲ್ಲೂ ಎರಡು ಬೆರಳು ಕುಸಿದೇ ನಿಲ್ಲುತ್ತದೆ. ರಿಪೇರಿಯವರು ಏನೂ ಕೆಟ್ಟಿಲ್ಲ ಎನ್ನುತ್ತಾರೆ. ಯಾರೂ ಇಲ್ಲದಾಗ ನೆಲಮಹಡಿಯಲ್ಲಿ ಬಾಗಿಲು ತೆರೆದು, “ಇಳೀರಿ ಸಾರ್” ಎನ್ನುತ್ತೇನೆ. ನಾಚುತ್ತಲೇ ಹೇಳುತ್ತೇನೆ; ಆದರೂ ಲಿಫ್ಟು ಮೇಲೇಳುವುದಿಲ್ಲ.

ವರ್ನೀಟಾಳ ಮನೆಗೇ ಹೋಗಿ, ಕೈ ಮುಗಿದು ಕೆಲಸಕ್ಕೆ ಕರೆದು ಬಂದೆ. ಅವಳು ಮತ್ತೆ ಬರಲಿಲ್ಲ.